ಬಣ್ಣ ಇಳಿದರೆ ಬಿಪಿ ಇಳಿದಂತಲ್ಲ

ಬಿಪಿಗೆ ಗುಳಿಗೆ ಬೇಡ, ಬೇರು ಸಾಕು ಅನ್ನುವ ಮಾತು ನಮ್ಮ ಹಲಗೇರಿ ಸುತ್ತಿನ ಹಳ್ಳಿಗಳಿಗೆ ಹೊಸದಲ್ಲ. ಹೊಸದೆಂದರೆ ಅದರ ಜೊತೆ ಬಂದು ಸೇರಿಕೊಂಡ ‘ಆಂಟಿಆಕ್ಸಿಡೆಂಟ್’ ಎಂಬ ಪದ. ಪುಡಿ ಪೊಟ್ಟಣದ ಮೇಲೂ ಅದೇ, ವಾಟ್ಸಾಪ್ ವಿಡಿಯೊದಲ್ಲೂ ಅದೇ. ಲ್ಯಾಬಿನಲ್ಲೇ ಸಾಬೀತಾಗಿದೆ ಎಂದ ಮೇಲೆ ದಿನದ ಗುಳಿಗೆ ಬಿಟ್ಟವರೂ ಇದ್ದಾರೆ. ಆದ್ದರಿಂದ ಲ್ಯಾಬಿನಲ್ಲಿ ನಡೆಯುವುದೇನು ಎಂದು ಮೊದಲು ಹೇಳಿಬಿಡುತ್ತೇವೆ.

ಎಲೆಯನ್ನೋ ತೊಗಟೆಯನ್ನೋ ಒಣಗಿಸಿ, ಪುಡಿ ಮಾಡಿ, ಮೆಥನಾಲ್‌ನಂಥ ದ್ರವದಲ್ಲಿ ನೆನೆಸಿ ಸಾರ ತೆಗೆಯುತ್ತಾರೆ. ಅದನ್ನು ಡಿಪಿಪಿಎಚ್ ಎಂಬ ನೇರಳೆ ಬಣ್ಣದ ರಾಸಾಯನಿಕಕ್ಕೆ ಬೆರೆಸುತ್ತಾರೆ. ನೇರಳೆ ಇಳಿದು ಹಳದಿಗೆ ತಿರುಗಿದರೆ ಸಾರದಲ್ಲಿ ಆಂಟಿಆಕ್ಸಿಡೆಂಟ್ ಗುಣ ಇದೆ ಎಂದರ್ಥ. ಅಷ್ಟೇ. ಅಲ್ಲಿ ರಕ್ತವಿಲ್ಲ, ರಕ್ತನಾಳವಿಲ್ಲ, ಬಿಪಿ ಮಷಿನ್ನೂ ಇಲ್ಲ. ಹೊಳೆಮತ್ತಿ ತೊಗಟೆ, ನುಗ್ಗೆ ಸೊಪ್ಪು ಈ ಪರೀಕ್ಷೆಯಲ್ಲಿ ಪಾಸಾಗುತ್ತವೆ, ನಿಜ. ನಾವು ಕುಡಿಯುವ ಚಹಾ ಕೂಡ ಪಾಸಾಗುತ್ತದೆ. ಬ್ಯಾಡಗಿ ಮೆಣಸಿನಕಾಯಿಗೆ ಆ ಕೆಂಪು ಕೊಡುವ ಕ್ಯಾಪ್ಸಾಂಥಿನ್ನೂ ಆಂಟಿಆಕ್ಸಿಡೆಂಟೇ. ಹಾಗಂತ ರೊಟ್ಟಿಗೆ ಕೆಂಪು ಚಟ್ನಿ ಹಚ್ಚಿಕೊಂಡು ಬಿಪಿ ಇಳಿಸಿಕೊಂಡವರನ್ನು ನಾವಂತೂ ಕಂಡಿಲ್ಲ. ಚಟ್ನಿಯಲ್ಲಿರುವ ಉಪ್ಪು ಅದನ್ನು ಏರಿಸುವುದೇ ಹೆಚ್ಚು.

ವಾದದಲ್ಲಿ ಹುರುಳಿಲ್ಲ ಎಂದಲ್ಲ. ರಕ್ತನಾಳದ ಒಳಗೋಡೆ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ತಯಾರಿಸುತ್ತದೆ, ಅದು ನಾಳವನ್ನು ಸಡಿಲ ಮಾಡುತ್ತದೆ. ಫ್ರೀ ರ‍್ಯಾಡಿಕಲ್‌ಗಳು ಅದನ್ನು ಕೆಡಿಸುತ್ತವೆ. ಅವನ್ನು ತಡೆದರೆ ಒಳ್ಳೆಯದಾಗಬೇಕಲ್ಲ? ಆಗಬೇಕಿತ್ತು. 2000ರಲ್ಲಿ ಪ್ರಕಟವಾದ ‘ಹೋಪ್’ ಅಧ್ಯಯನದಲ್ಲಿ ಹೃದಯದ ತೊಂದರೆಯ ಅಪಾಯ ಹೆಚ್ಚಿದ್ದ 9,000ಕ್ಕೂ ಹೆಚ್ಚು ಜನರಿದ್ದರು. ಕೆಲವರಿಗೆ ಆಂಟಿಆಕ್ಸಿಡೆಂಟ್ ಆದ ವಿಟಮಿನ್ ಇ ಅನ್ನು ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಕೊಟ್ಟರು. ಹೃದಯಾಘಾತವೂ ಕಡಿಮೆಯಾಗಲಿಲ್ಲ, ಲಕ್ವವೂ ಕಡಿಮೆಯಾಗಲಿಲ್ಲ. ಅದೇ ಅಧ್ಯಯನದಲ್ಲಿ ರಾಮಿಪ್ರಿಲ್ ಎಂಬ ಬಿಪಿ ಗುಳಿಗೆ ನುಂಗಿದವರಲ್ಲಿ ಎರಡೂ ಕಡಿಮೆಯಾದವು.

ಹಾಗಾದರೆ ನಮ್ಮ ಹಿರಿಯರ ಬೇರು ಸುಳ್ಳೇ? ಸರ್ಪಗಂಧವನ್ನೇ ನೋಡಿ. ಮುಂಬಯಿಯ ವೈದ್ಯ ರುಸ್ತುಮ್ ಜಾಲ್ ವಕೀಲ್ ಆ ಬೇರನ್ನು ಬಿಪಿ ರೋಗಿಗಳಿಗೆ ಕೊಟ್ಟು, ಅಳೆದು, 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಬರೆದರು. 1952ರಲ್ಲಿ ಸ್ವಿಟ್ಜರ್‌ಲೆಂಡಿನ ಸೀಬಾ ಕಂಪನಿಯವರು ಅದರಿಂದ ರಿಸರ್ಪಿನ್ ಬೇರ್ಪಡಿಸಿದರು. ಜಗತ್ತೆಲ್ಲ ಆ ಗುಳಿಗೆ ನುಂಗಿತು. ಆದರೆ ಅದು ಕೆಲಸ ಮಾಡಿದ್ದು ಆಂಟಿಆಕ್ಸಿಡೆಂಟ್ ಆಗಿ ಅಲ್ಲ. ನರಗಳ ತುದಿಯಲ್ಲಿ ಕೂಡಿಟ್ಟ, ರಕ್ತನಾಳವನ್ನು ಬಿಗಿಸುವ ರಾಸಾಯನಿಕವನ್ನು ಖಾಲಿ ಮಾಡಿ. ಗುಳಿಗೆಯಲ್ಲಿ ಇದ್ದದ್ದು ಒಂದು ಮಿಲಿಗ್ರಾಮಿಗಿಂತಲೂ ಕಡಿಮೆ. ಅಳತೆ ಮೀರಿದರೆ ಮೂಗು ಕಟ್ಟುವುದು, ಮಂಕು ಕವಿಯುವುದು, ಬದುಕೇ ಬೇಡ ಅನ್ನಿಸುವಷ್ಟು ಖಿನ್ನತೆ. ಒಂದು ಬೇರಿನಲ್ಲಿದ್ದಷ್ಟೇ ಸತ್ವ ಇನ್ನೊಂದು ಬೇರಿನಲ್ಲಿ ಇರುವುದಿಲ್ಲ. ಚಮಚದಲ್ಲಿ ಅಳೆದು ಕೊಡುವ ಪುಡಿಗೆ ನಾವು ಹೆದರುವುದು ಅದಕ್ಕೇ. ಅದು ಕೆಲಸ ಮಾಡುವುದಿಲ್ಲ ಎಂದಲ್ಲ, ಎಷ್ಟು ಮಾಡುತ್ತದೆಂದು ಮಾರುವವನಿಗೂ ಗೊತ್ತಿಲ್ಲ ಎಂದು.

ಗಿಡವನ್ನು ಸರಿಯಾಗಿ ಪರೀಕ್ಷಿಸಿದ ಉದಾಹರಣೆಯೂ ಇದೆ. ನಮ್ಮ ಪುಂಡಿ ಪಲ್ಯೆಯ ಕುಲದ್ದೇ ಆದ ರೋಸೆಲ್ ಗಿಡದ, ಹೂವಿನ ಬುಡದಲ್ಲಿರುವ ದಪ್ಪ ಕೆಂಪು ಎಸಳಿನ ಚಹಾವನ್ನು ಅಮೆರಿಕದಲ್ಲಿ 65 ಜನರ ಮೇಲೆ ನೋಡಿದರು. ದಿನಕ್ಕೆ ಮೂರು ಕಪ್, ಆರು ವಾರ. 2010ರಲ್ಲಿ ಬಂದ ಫಲಿತಾಂಶದಲ್ಲಿ ಮೇಲಿನ ಬಿಪಿ ಸುಮಾರು 7 ಅಂಕ ಇಳಿದಿತ್ತು, ಬರೀ ಬಣ್ಣದ ನೀರು ಕುಡಿದವರಲ್ಲಿ 1 ಅಂಕ. ತೋಳಿಗೆ ಪಟ್ಟಿ ಕಟ್ಟಿ ಅಳೆದ ಲೆಕ್ಕವಿದು. ಅವರೆಲ್ಲ ಬಿಪಿ ತುಸುವೇ ಏರಿದವರು, ಗುಳಿಗೆ ಹಿಡಿದವರಲ್ಲ. 180 ತೋರಿಸುವವರಿಗೆ 7 ಅಂಕ ಎಲ್ಲಿಗೆ ಸಾಕು?

ಪುಂಡಿ, ನುಗ್ಗೆ, ಬೆಳ್ಳುಳ್ಳಿ ಊಟದಲ್ಲಿ ಇರಲಿ, ಉಪ್ಪಿನಕಾಯಿ ಹಪ್ಪಳ ಕಡಿಮೆಯಾಗಲಿ. ಪೊಟ್ಟಣ ಮಾರುವವರನ್ನು ಮಾತ್ರ ಒಂದು ಕೇಳಿ: ಎಷ್ಟು ಜನರ ಬಿಪಿ ಅಳೆದಿದ್ದೀರಿ, ಕುಡಿಯುವ ಮುಂಚೆ ಎಷ್ಟಿತ್ತು, ಆಮೇಲೆ ಎಷ್ಟಾಯಿತು?

ಇನ್ನೊಂದು ಮಾತು ಪ್ರಾಥಮಿಕ ಆರೋಗ್ಯ ಕೇಂದ್ರದವರಿಗೆ. ಅಲ್ಲಿ ಬಿಪಿ ನೋಡುತ್ತಾರೆ, ಗುಳಿಗೆ ಪುಕ್ಕಟೆ ಕೊಡುತ್ತಾರೆ. ಆದರೆ ಕಷಾಯದ ಹೆಸರೆತ್ತಿದರೆ ಬೈಗುಳ ಬಿದ್ದೀತೆಂದು ನಮ್ಮ ಮಂದಿ ಬಾಯಿ ಬಿಡುವುದಿಲ್ಲ. ಸರ್ಪಗಂಧದ ಪುಡಿಯೂ ಗುಳಿಗೆಯೂ ಒಟ್ಟಿಗೆ ಹೊಟ್ಟೆ ಸೇರಿದರೆ ಬಿಪಿ ತೀರಾ ಕುಸಿದು, ಹೊಲದಲ್ಲೇ ತಲೆ ತಿರುಗಿ ಬೀಳಬಹುದು. ಚೀಟಿ ಬರೆಯುವ ಮುಂಚೆ, ಮನೆಯಲ್ಲಿ ಬೇರು, ಪುಡಿ ಏನಾದರೂ ತಗೋತೀರೇನ್ರಿ ಅಂತ ಸಿಟ್ಟಿಲ್ಲದೆ ಕೇಳಿ, ಉತ್ತರವನ್ನು ಅದೇ ಚೀಟಿಯಲ್ಲಿ ಬರೆದುಕೊಳ್ಳಲಿ.