ಫೋರಿಯರ್ ಪರೀಕ್ಷೆಗಷ್ಟೇ ಏಕೆ?

ಬಾಹ್ಯಾಕಾಶ ಎಂದರೆ ನಮ್ಮಲ್ಲಿ ಬಹುತೇಕರಿಗೆ ಜೇಮ್ಸ್ ವೆಬ್ ದೂರದರ್ಶಕದ ಬಣ್ಣದ ಚಿತ್ರಗಳು. ಸ್ಟೇಟಸ್‌ಗೆ ಹಾಕಿಕೊಳ್ಳುತ್ತೇವೆ, ಅಲ್ಲಿಗೆ ಮುಗಿಯಿತು. ಆದರೆ ದೂರದ ಗ್ಯಾಲಕ್ಸಿಯೊಂದರಲ್ಲಿ ನಕ್ಷತ್ರಗಳು ಎಷ್ಟು ವೇಗವಾಗಿ ಹುಟ್ಟುತ್ತಿವೆ ಎಂದು ಲೆಕ್ಕ ಹಾಕಲು ಹೊರಟರೆ ಕಣ್ಣಿಗೆ ಕಾಣುವ ಬೆಳಕು ಕೈಕೊಡುತ್ತದೆ. ನಕ್ಷತ್ರಗಳು ಹುಟ್ಟುವುದೇ ದೂಳು ತುಂಬಿದ ಮೋಡಗಳಲ್ಲಿ. ಎಳೆಯ ನಕ್ಷತ್ರಗಳ ಬೆಳಕನ್ನು ಆ ದೂಳೇ ನುಂಗಿಬಿಡುತ್ತದೆ.

ರೇಡಿಯೊ ತರಂಗಗಳಿಗೆ ದೂಳಿನ ಹಂಗಿಲ್ಲ. ಸೂರ್ಯನ ಎಂಟು ಪಟ್ಟಿಗೂ ಹೆಚ್ಚು ತೂಕದ ನಕ್ಷತ್ರಗಳು ಕೆಲವೇ ಕೋಟಿ ವರ್ಷ ಬದುಕಿ ಸೂಪರ್‌ನೋವಾ ಆಗಿ ಸಿಡಿಯುತ್ತವೆ. ಆ ಆಘಾತದಿಂದ ವೇಗ ಪಡೆದ ಎಲೆಕ್ಟ್ರಾನ್‌ಗಳು ಗ್ಯಾಲಕ್ಸಿಯ ಕಾಂತಕ್ಷೇತ್ರದಲ್ಲಿ ಸುತ್ತುತ್ತ ರೇಡಿಯೊ ತರಂಗ ಸೂಸುತ್ತವೆ. ಅಂದರೆ ಸಾವಿನ ಸದ್ದು ಕೇಳಿ ಹುಟ್ಟಿನ ಲೆಕ್ಕ ಬರೆಯುವುದು! ಈ ದೈತ್ಯರ ಆಯುಸ್ಸು ಕಡಿಮೆಯಾದ್ದರಿಂದ ಲೆಕ್ಕ ಹೊಂದುತ್ತದೆ. ತೊಡಕೂ ಇದೆ. ಗ್ಯಾಲಕ್ಸಿಯ ನಡುವಿನ ಕಪ್ಪುಕುಳಿ ವಸ್ತುವನ್ನು ಕಬಳಿಸುವಾಗಲೂ ರೇಡಿಯೊ ತರಂಗ ಹೊಮ್ಮಬಹುದು. ಅಂಥವನ್ನು ಮೊದಲು ಬೇರ್ಪಡಿಸಬೇಕು.

ಇದೆಲ್ಲ ಅಮೆರಿಕದಲ್ಲೇ ನಡೆಯುತ್ತದೆ ಎಂದುಕೊಳ್ಳಬೇಡಿ. ಪುಣೆ ಜಿಲ್ಲೆಯ ಖೋಡದ್ ಬಳಿ ತಲಾ 45 ಮೀಟರ್ ಅಗಲದ 30 ಆಂಟೆನಾಗಳ ಜಿಎಂಆರ್‌ಟಿ ಇದೆ. ಗೋವಿಂದ ಸ್ವರೂಪ್ ಅವರ ಮುಂದಾಳತ್ವದಲ್ಲಿ ನಮ್ಮವರೇ ಕಟ್ಟಿದ್ದು. 2020ರಲ್ಲಿ ಪುಣೆಯ ಎನ್‌ಸಿಆರ್‌ಎ ಮತ್ತು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಇದರಿಂದ ಸುಮಾರು 800 ಕೋಟಿ ವರ್ಷಗಳ ಹಿಂದಿನ 7,653 ಗ್ಯಾಲಕ್ಸಿಗಳ ಹೈಡ್ರೋಜನ್ ಅನಿಲವನ್ನು ಅಳೆದರು. ಒಂದೊಂದರ ಸಂಕೇತವೂ ಗದ್ದಲದಲ್ಲಿ ಮುಳುಗಿಹೋಗುವಷ್ಟು ಕ್ಷೀಣ. ಎಲ್ಲವನ್ನೂ ಒಂದರ ಮೇಲೊಂದು ಪೇರಿಸಿ ಸರಾಸರಿ ತೆಗೆದಾಗ ಗದ್ದಲ ತಗ್ಗಿ ಸಂಕೇತ ಮೇಲೆದ್ದಿತು. ರೇಡಿಯೊ ಹೊಳಪಿನಿಂದ ನಕ್ಷತ್ರ ಹುಟ್ಟುವ ಸರಾಸರಿ ವೇಗವನ್ನೂ ತೆಗೆದರು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ, ಆ ಅನಿಲ 100–200 ಕೋಟಿ ವರ್ಷಕ್ಕೇ ಖಾಲಿ! ಇಂದಿನ ವಿಶ್ವದಲ್ಲಿ ನಕ್ಷತ್ರಗಳ ಹುಟ್ಟು ಇಷ್ಟು ಇಳಿದಿರುವುದೇಕೆ ಎಂಬುದಕ್ಕೆ ಸಿಕ್ಕ ಗಟ್ಟಿ ಸುಳಿವು ಇದು.

ಈ ಕೆಲಸಕ್ಕೆ ಬೇಕಾದದ್ದೇನು? ಸಂಖ್ಯಾಶಾಸ್ತ್ರ, ಒಂದಿಷ್ಟು ಪೈಥಾನ್, ಮತ್ತು ನಾವು ಉರು ಹೊಡೆದು ಪರೀಕ್ಷೆ ಬರೆದು ಮರೆತ ಫೋರಿಯರ್ ಟ್ರಾನ್ಸ್‌ಫಾರ್ಮ್. ಬಿಡಿ ಆಂಟೆನಾಗಳ ಮಾಹಿತಿ ಚಿತ್ರವಾಗುವುದೇ ಅದರಿಂದ. ಇದನ್ನು ನಮ್ಮ ತರಗತಿಯಲ್ಲಿ ಯಾರೂ ಹೇಳುವುದಿಲ್ಲ ಎಂಬುದೇ ನನ್ನ ತಕರಾರು. ಅತ್ತ, ಅಂತಿಮ ವರ್ಷದ ಪ್ರಾಜೆಕ್ಟನ್ನು ಅಂಗಡಿಯಲ್ಲಿ ದುಡ್ಡು ಕೊಟ್ಟು ಕೊಳ್ಳುವುದು ಮಾತ್ರ ಎಲ್ಲರಿಗೂ ಗೊತ್ತು.

‘ಇದರಿಂದ ಕೆಲಸ ಸಿಗುತ್ತಾ?’ ಎಂದು ಮನೆಯಲ್ಲಿ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಖಗೋಳ ವಿಜ್ಞಾನಿಯ ಹುದ್ದೆಗಳು ಬೆರಳೆಣಿಕೆಯಷ್ಟು, ಸುಳ್ಳು ಆಸೆ ಹುಟ್ಟಿಸುವುದು ಬೇಡ. ಆದರೆ ಗದ್ದಲದಿಂದ ಸಂಕೇತವನ್ನು ಹೆಕ್ಕುವ ವಿದ್ಯೆ ಟೆಲಿಕಾಂ, ರಡಾರ್, ಎಂಆರ್‌ಐ ಎಲ್ಲೆಡೆಯೂ ಬೇಕು. ದಕ್ಷಿಣ ಆಫ್ರಿಕಾ ಮತ್ತು ಆಸ್ಟ್ರೇಲಿಯಾದಲ್ಲಿ ನಿರ್ಮಾಣವಾಗುತ್ತಿರುವ ಎಸ್‌ಕೆಎ ದೂರದರ್ಶಕ ಯೋಜನೆಗೆ ಭಾರತ 1,250 ಕೋಟಿ ರೂಪಾಯಿ ಒದಗಿಸಲು ಒಪ್ಪಿದೆ. ಅದರ ಮಾಹಿತಿಯ ಮಹಾಪೂರ ಬಂದಾಗ ಅಗೆದು ನೋಡುವ ಕೈಗಳು ಎಲ್ಲಿಂದ ಬರಬೇಕು?

ವಿಶ್ವವಿದ್ಯಾಲಯಗಳು ಇದಕ್ಕಾಗಿ ಹೊಸ ಕಟ್ಟಡ ಕಟ್ಟಬೇಕಿಲ್ಲ. ಜಿಎಂಆರ್‌ಟಿಯ ಹಳೆಯ ಮಾಹಿತಿ ಆನ್‌ಲೈನ್ ಸಂಗ್ರಹದಲ್ಲಿ ಸಿಗುತ್ತದೆ. ಒಂದು ಒಳ್ಳೆಯ ಕಂಪ್ಯೂಟರ್, ದೊಡ್ಡ ಹಾರ್ಡ್‌ಡಿಸ್ಕ್, ಜೊತೆಗೆ ಕುಳಿತು ಕಲಿಯಲು ಒಪ್ಪುವ ಒಬ್ಬ ಮೇಷ್ಟ್ರು ಇದ್ದರೆ ಆರು ತಿಂಗಳ ಪ್ರಾಜೆಕ್ಟ್ ಶುರು ಮಾಡಬಹುದು.