ಘಾಟಿ ಹತ್ತುವ ಜೀಪಿಗೆ ಏನು ಕುಡಿಸಬೇಕು?

ಮಕ್ಕಳೇ, ಮುಳ್ಳಯ್ಯನಗಿರಿಯಂಥ ಏರುದಾರಿಯಲ್ಲಿ ಜೀಪು ನಿಧಾನವಾಗಿ ಹತ್ತುವಾಗ ಎಂಜಿನ್ನಿಗೆ ದುಡಿಮೆ ಹೆಚ್ಚು, ರೇಡಿಯೇಟರಿಗೆ ಸಿಗುವ ಗಾಳಿ ಕಡಿಮೆ. ಬರೀ ನೀರು 100 ಡಿಗ್ರಿಗೆ ಕುದಿಯುತ್ತದೆ. ಗಟ್ಟಿ ಕೂಲಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ ಬೆರೆಸಿದರೆ ಸುಮಾರು 106 ಡಿಗ್ರಿವರೆಗೆ ತಡೆಯುತ್ತದೆ. ಬಿಗಿ ಮುಚ್ಚಳದ ಒತ್ತಡದಿಂದ ಇನ್ನೂ ಹೆಚ್ಚು. ತುಕ್ಕೂ ಹತ್ತಿರ ಸುಳಿಯದು. ಬೋರ್‌ವೆಲ್ ನೀರು ಬೇಡ, ಅದರ ಲವಣ ಕೊಳವೆಯಲ್ಲಿ ಕಟ್ಟಿಕೊಳ್ಳುತ್ತದೆ. ಸೋರಿಕೆ ನಿಲ್ಲಿಸುವ ಪುಡಿಯೂ ಹಾಗೆಯೇ ಕಟ್ಟಿಕೊಳ್ಳಬಹುದು. ಬಣ್ಣ ನೋಡಿ ಕೊಳ್ಳದೆ, ವಾಹನದ ಕೈಪಿಡಿ ಹೇಳಿದ ಕೂಲಂಟನ್ನೇ ಹಾಕಿಸಲು ಅಪ್ಪ ಅಮ್ಮನಿಗೆ ಹೇಳಿ.

ಎರಡು ಮಾತು ಮರೆಯಬೇಡಿ. ಬಿಸಿ ರೇಡಿಯೇಟರಿನ ಮುಚ್ಚಳ ಮುಟ್ಟಬಾರದು, ಕುದಿನೀರು ಮುಖಕ್ಕೇ ಚಿಮ್ಮುತ್ತದೆ. ಕೂಲಂಟ್ ರುಚಿಗೆ ಸಿಹಿ, ಆದರೆ ವಿಷ. ಚೆಲ್ಲಿದ್ದನ್ನು ನಾಯಿ ನೆಕ್ಕೀತು. ಕೂಡಲೇ ದೊಡ್ಡವರಿಂದ ತೊಳೆಸಿ.