ಕೊರಳಿನ ಮಡಕೆ, ಕೊರಳಿನ ಕಾರ್ಡು

ನಮ್ಮವರು ಉಗುಳಿದರೆ ದಾರಿ ಮೈಲಿಗೆಯಾಗುತ್ತೆ ಅಂತ ಪೇಶ್ವೆಗಳ ಪುಣೆಯಲ್ಲಿ ಅವರ ಕೊರಳಿಗೆ ಮಡಕೆ ಕಟ್ಟಿಸಿದ್ದನ್ನು ಬಾಬಾಸಾಹೇಬರು 1936ರಲ್ಲಿ ಬರೆದರು. ಇವತ್ತು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ನಮ್ಮ ಕೊರಳಿಗೆ ಕಾರ್ಡು ಬಿದ್ದಿದೆ. ತೋರಿಸಿದರೆ ಗಾಜಿನ ಬಾಗಿಲು ತೆರೆಯುತ್ತೆ. ಮಡಕೆಯಿಂದ ಕಾರ್ಡಿನವರೆಗೆ ನಡೆದದ್ದು ಸಣ್ಣ ದಾರಿಯಲ್ಲ. ಆದರೆ ದಾರಿ ಮುಗಿಯಿತು ಅನ್ನುವವರ ಮಾತನ್ನು ನಾವು ನಂಬುವುದಿಲ್ಲ.

ಮೊದಲು ಲಾಭದ ಲೆಕ್ಕ. ಈ ಕೆಲಸವನ್ನು ನಾವು ಹೀಗಳೆಯುವುದಿಲ್ಲ. ಹೊಟ್ಟೆ ತುಂಬಿದವರು ಬೇಕಾದರೆ ಹೀಗಳೆಯಲಿ. ಒಡೆಯನ ಹೊಲದಲ್ಲಿ ಜೀತಕ್ಕಿದ್ದ ಅಪ್ಪನ ಸಾಲ ತೀರಿದ್ದು ಈ ಸಂಬಳದಿಂದ. ಕೇರಿಯಲ್ಲಿ ತಾರಸಿ ಮನೆ ಎದ್ದದ್ದು, ತಂಗಿ ಕಾಲೇಜು ಮುಗಿಸಿದ್ದು ಇದರಿಂದಲೇ. ಯಾವ ಧಣಿಯ ಮುಂದೂ ಕೈಕಟ್ಟಿ ನಿಲ್ಲದೆ ತಿಂಗಳ ಕೊನೆಗೆ ದುಡ್ಡು ಬ್ಯಾಂಕಿಗೆ ಬೀಳುತ್ತೆ. ಇದು ಸಣ್ಣ ಮಾತೇ?

ಈಗ ನಷ್ಟದ ಲೆಕ್ಕ. ಇಲ್ಲಿ ಜಾತಿ ಇಲ್ಲ, ಪ್ರತಿಭೆ ಮಾತ್ರ ಅಂತಾರೆ. ಹಾಗಾದ್ರೆ ಸೇರಿದ ಮೊದಲ ವಾರವೇ ಸರ್‌ನೇಮ್ ಯಾಕೆ ಕೇಳ್ತಾರೆ? ಊಟದ ಡಬ್ಬಿ ತೆರೆದಾಗ ಯಾಕೆ ಇಣುಕ್ತಾರೆ? ಒಳಗಿದ್ದವರು ಶಿಫಾರಸು ಮಾಡಿದರೆ ಬೇಗ ಕೆಲಸ ಸಿಗುತ್ತೆ, ಅದಕ್ಕೆ ರೆಫರಲ್ ಅಂತ ಹೆಸರು. ಮೊದಲ ತಲೆಮಾರಿಗೆ ಕಾಲೇಜು ಕಂಡ ನಮಗೆ ಒಳಗೆ ಯಾರಿದ್ದಾರೆ? ಸಾಫ್ಟ್‌ವೇರ್ ಜನ ತುಂಬಿದ ಅಮೆರಿಕದ ಸಿಯಾಟಲ್ ನಗರ 2023ರಲ್ಲಿ ಜಾತಿ ತಾರತಮ್ಯವನ್ನು ನಿಷೇಧಿಸಿತು. ಜಾತಿ ಇಲ್ಲದಿದ್ದರೆ ಕಡಲಾಚೆ ಕಾನೂನು ಯಾಕೆ ಬೇಕಾಯ್ತು ಸ್ವಾಮಿ?

ಸಂವಿಧಾನದ 16(4)ನೇ ವಿಧಿಯ ಮೀಸಲಾತಿ ಸರ್ಕಾರಿ ಹುದ್ದೆಗಳಿಗೆ ಮಾತ್ರ, ಕಂಪನಿಯ ಗೇಟಿನ ಹೊರಗೇ ನಿಲ್ಲುತ್ತೆ. ಆದರೆ ಸರ್ಕಾರದ ಕೃಪೆ ಗೇಟು ದಾಟಿ ಒಳಗೆ ಹೋಯಿತು. ಸಾಫ್ಟ್‌ವೇರ್ ಪಾರ್ಕಿನ ಘಟಕಗಳ ರಫ್ತಿನ ಲಾಭಕ್ಕೆ 2011ರವರೆಗೆ ಆದಾಯ ತೆರಿಗೆ ವಿನಾಯಿತಿ ಸಿಕ್ಕಿತು. ಕಾರ್ಮಿಕರ ಸ್ಥಾಯಿ ಆದೇಶಗಳ 1946ರ ಕಾಯ್ದೆಯಿಂದ ಕರ್ನಾಟಕ ಸರ್ಕಾರ 2024ರಲ್ಲಿ ಈ ಉದ್ಯಮಕ್ಕೆ ಮತ್ತೆ ಐದು ವರ್ಷ ವಿನಾಯಿತಿ ಕೊಟ್ಟಿತು. ರಿಯಾಯಿತಿ ಬೇಕು, ಮೀಸಲಾತಿ ಬೇಡ. ಇದ್ಯಾವ ಪ್ರತಿಭೆ?

ಇನ್ನು ನಮ್ಮದೇ ತಪ್ಪು. ನಾವು ಬರುವ ಮುಂಚೆ ಕಕ್ಕಸು ತೊಳೆದು ನೆಲ ಒರೆಸಿದವರು ಯಾರು? ಕಂತ್ರಾಟುದಾರನ ಕೈಕೆಳಗೆ ದುಡಿಯುವ ನಮ್ಮ ಅಕ್ಕಂದಿರು, ಚಿಕ್ಕಮ್ಮಂದಿರು. ಅವರ ಕೊರಳಲ್ಲೂ ಕಾರ್ಡಿದೆ, ಬಣ್ಣ ಮಾತ್ರ ಬೇರೆ. ಅವರಲ್ಲೊಬ್ಬ ತಾಯಿ 'ಯಾವೂರಪ್ಪಾ ನಿಂದು?' ಅಂತ ಕೇಳಿದಾಗ ಪಕ್ಕದಲ್ಲಿದ್ದ ಸಹೋದ್ಯೋಗಿಗೆ ಗೊತ್ತಾದೀತು ಅಂತ ಹೆದರಿ ನಾವು ಫೋನು ನೋಡುತ್ತಾ ನಡೆದುಬಿಟ್ಟೆವು. ಆ ದಿನ ನಮ್ಮ ಕೊರಳಲ್ಲಿದ್ದದ್ದು ಕಾರ್ಡಲ್ಲ, ಅದೇ ಹಳೇ ಮಡಕೆ.

ಗೆಳೆಯರೇ, ಸಂಬಳ ಬಿಡಬೇಡಿ, ಅಂಜಿಕೆ ಬಿಡಿ. ಯಾವ ಜಾತಿಯವರು ಎಷ್ಟು ಮಂದಿ, ಯಾವ ಕುರ್ಚಿಯಲ್ಲಿ ಕೂತಿದ್ದಾರೆ ಅಂತ ಕಂಪನಿಗಳು ಲೆಕ್ಕ ಕೊಡಲಿ. ಖಾಸಗಿ ಕೆಲಸದಲ್ಲೂ ಮೀಸಲಾತಿ ಬರಲಿ. ಕಸ ಗುಡಿಸುವವರಿಗೂ ಕಾಯಂ ನೌಕರಿ ಸಿಗಲಿ. ಇದನ್ನು ಒಬ್ಬೊಬ್ಬರೇ ಕೇಳಿದರೆ ಕೆಲಸ ಹೋಗುತ್ತೆ, ಸಂಘ ಕಟ್ಟಿ ಕೇಳೋಣ.

ಆ ತಾಯಿ ಮತ್ತೆ ಕೇಳಿದರೆ ನಿಂತು ಉತ್ತರ ಕೊಡೋಣ. ಊರಿನ ಹೆಸರಷ್ಟೇ ಅಲ್ಲ, ಕೇರಿಯ ಹೆಸರನ್ನೂ ಹೇಳೋಣ. ಪಕ್ಕದವನಿಗೂ ಕೇಳಿಸಲಿ.